ಸನ್ನಿ ಸೈಡ್: ಮಡಿಕೇರಿಯ ಒಂದು ಮನೆ, ಒಂದು ನಾಡಿನ ಯುದ್ಧಸ್ಮರಣೆ

ಶಾಲೆಯ ಪ್ರವಾಸದಲ್ಲಿ ಮಡಿಕೇರಿಗೆ ಹೋಗಿಬಂದ ವಿದ್ಯಾರ್ಥಿಗಳು ನಿಮ್ಮಲ್ಲಿ ಅನೇಕರಿರಬಹುದು. ರಾಜಾಸೀಟು, ಓಂಕಾರೇಶ್ವರ ದೇವಾಲಯ, ಕೋಟೆ, ಅಬ್ಬಿ ಜಲಪಾತ - ಇವನ್ನು ನೋಡಿ, ಕಿತ್ತಳೆ ಹಣ್ಣೋ ಜೇನುತುಪ್ಪವೋ ಕೊಂಡು ಬಸ್ಸು ಹತ್ತುವುದು ರೂಢಿ. ಈ ಪಟ್ಟಿಗೆ ಇನ್ನೊಂದು ಸ್ಥಳವನ್ನು ಸೇರಿಸಿಕೊಳ್ಳಿ ಎಂದು ಹೇಳುವುದು ಈ ಲೇಖನದ ಉದ್ದೇಶ. ಆ ಸ್ಥಳದ ಹೆಸರು 'ಸನ್ನಿ ಸೈಡ್'. ಹೆಸರು ಇಂಗ್ಲಿಷಿನದಾದರೂ ಮನೆ ಅಪ್ಪಟ ಕೊಡಗಿನವರದು. ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಬೆಳೆದ ಮನೆ ಇದು.

ಬಹಳ ಕಾಲ ಈ ಮನೆ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ವಾಹನ ನೋಂದಣಿಗೆ, ಚಾಲನಾ ಪರವಾನಗಿಗೆ ಬಂದ ಜನ ಅದರ ಜಗಲಿಯಲ್ಲಿ ಸಾಲು ನಿಲ್ಲುತ್ತಿದ್ದರು. ಸೇನೆಯಿಂದ ನಿವೃತ್ತರಾದ ಕೊಡಗಿನ ಅಧಿಕಾರಿಗಳೂ ಊರಿನ ಹಿರಿಯರೂ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕಚೇರಿ ಬೇರೆಡೆಗೆ ಹೋಯಿತು, ಮನೆ ದುರಸ್ತಿಯಾಯಿತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಸಂಗ್ರಹಾಲಯವೆಂದು ಉದ್ಘಾಟಿಸಿದರು. ಒಳಗೆ ತಿಮ್ಮಯ್ಯನವರ ಬಾಲ್ಯದಿಂದ ಸೈಪ್ರಸ್‌ವರೆಗಿನ ಬದುಕಿನ ಚಿತ್ರಗಳು, ಆಯುಧಗಳು. ಹೊರಗೆ ಯುದ್ಧಗಳಲ್ಲಿ ಮಡಿದವರ ನೆನಪಿನ ಸ್ಮಾರಕ, ಒಂದು ಟಿ-55 ಟ್ಯಾಂಕು. ಮಕ್ಕಳು ಮೊದಲು ಓಡುವುದು ಆ ಟ್ಯಾಂಕಿನ ಕಡೆಗೇ. ಓಡಲಿ. ಆದರೆ ಆಮೇಲೆ ನಿಧಾನವಾಗಿ ಒಳಗೆ ಬರಬೇಕು. ಏಕೆಂದರೆ ಈ ಮನೆಯ ಕಥೆ ಟ್ಯಾಂಕಿನಷ್ಟು ನೇರವಾದದ್ದಲ್ಲ.

ಇಷ್ಟು ಚಿಕ್ಕ ನಾಡಿನಿಂದ ಇಷ್ಟೊಂದು ಸೈನಿಕರು ಹೇಗೆ ಬಂದರು ಎಂಬ ಪ್ರಶ್ನೆ ನಿಮಗೆ ಸಹಜವಾಗಿ ಏಳುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಕೊಡಗಿನ ಒಟ್ಟು ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ. 'ರಕ್ತದಲ್ಲೇ ಶೌರ್ಯವಿದೆ' ಎಂಬ ಉತ್ತರ ಭಾಷಣಕ್ಕೆ ಚೆನ್ನಾಗಿರುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಅದು ಸಾಲದು. ಭೂಮಿಯ ಕಡೆಗೆ ನೋಡಿ. ಹಾಲೇರಿ ಅರಸರ ಕಾಲದಿಂದ ಕೊಡಗಿನಲ್ಲಿ 'ಜಮ್ಮಾ' ಎಂಬ ಭೂಹಿಡುವಳಿ ಇತ್ತು. ಕಂದಾಯ ಕಡಮೆ, ಅದಕ್ಕೆ ಪ್ರತಿಯಾಗಿ ಅರಸ ಕರೆದಾಗ ಆಯುಧ ಹಿಡಿದು ಹೋಗಬೇಕು. ಅಂದರೆ ಗದ್ದೆ ಉಳುವವನೇ ಸೈನಿಕ. 1834ರಲ್ಲಿ ಬ್ರಿಟಿಷರು ಕೊನೆಯ ಅರಸ ಚಿಕ್ಕವೀರರಾಜನನ್ನು ಕೆಳಗಿಳಿಸಿ ಕೊಡಗನ್ನು ವಶಪಡಿಸಿಕೊಂಡ ಮೇಲೂ ಜಮ್ಮಾ ಪದ್ಧತಿ ಉಳಿಯಿತು. ಆಯುಧ ಕಾಯಿದೆಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆಯಿತು. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ.

ಹೀಗೆ ಕೋವಿ ಮನೆಯ ಸಾಮಾನಾಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು ಗುಂಡು. ಬೆಟ್ಟದಾಚೆಯವರಿಗೆ ಸುದ್ದಿ ಮುಟ್ಟಿಸುವ ತಂತಿಯೂ ಅದೇ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕೊಡವರಲ್ಲಿ ಹೆಸರಿಗೆ ಮುಂಚೆ ಒಕ್ಕದ ಹೆಸರು ಬರುತ್ತದೆ. ಒಕ್ಕಕ್ಕೊಂದು ಐನ್‌ಮನೆ, ಅದರ ಹತ್ತಿರ ಹಿರಿಯರ ನೆನಪಿಗೆ ಕೈಮಡ. ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಟ್ಟು ಕರೆಯುವ ಜನಕ್ಕೆ ಸಂಗ್ರಹಾಲಯವೆಂಬುದು ಪರದೇಶದ ಕಲ್ಪನೆಯೇನಲ್ಲ. ಸನ್ನಿ ಸೈಡ್ ಕೂಡ ಒಂದು ಬಗೆಯ ಕೈಮಡವೇ ಎಂದು ನನಗನಿಸುತ್ತದೆ.

ಬ್ರಿಟಿಷರ ಸೇನೆಯಲ್ಲಿ ಕೊಡಗಿನವರ ಸ್ಥಾನ ಮೊದಲಿನಿಂದಲೂ ಭದ್ರವಾಗಿತ್ತೆಂದು ತಿಳಿಯಬೇಡಿ. 1903ರಲ್ಲಿ ಒಂದು ಹಳೆಯ ಮದ್ರಾಸ್ ಪಡೆಗೆ '71ನೆಯ ಕೂರ್ಗ್ ರೈಫಲ್ಸ್' ಎಂದು ಹೆಸರಿಟ್ಟರು. ಮರುವರ್ಷವೇ ಅದನ್ನು ವಿಸರ್ಜಿಸಿದರು. ದಕ್ಷಿಣದವರು ಯುದ್ಧಕ್ಕೆ ಯೋಗ್ಯರಲ್ಲ ಎಂಬ ಪೂರ್ವಗ್ರಹ ಆಗಿನ ಸೇನಾ ವರಿಷ್ಠರಲ್ಲಿ ಬಲವಾಗಿತ್ತು. ಬದಲಾವಣೆ ಬಂದದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ಭಾರತೀಯರಿಗೂ ಪೂರ್ಣ ಅಧಿಕಾರಿಯ ಹುದ್ದೆ ಕೊಡಬೇಕೆಂಬ ಬೇಡಿಕೆಗೆ ಸರ್ಕಾರ ಅರೆಮನಸ್ಸಿನಿಂದ ಮಣಿಯಿತು. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಾಗಿ 1919ರಲ್ಲಿ ಹೊರಬಂದ ಕೆಲವೇ ತರುಣರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಮಾದಪ್ಪ ಕಾರ್ಯಪ್ಪ ಒಬ್ಬರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ ಮೀಸಲಿಟ್ಟದ್ದು ಹತ್ತು ಸ್ಥಾನ. ಆ ದಾರಿಯಲ್ಲಿ ಹೋಗಿ 1926ರಲ್ಲಿ ಅಧಿಕಾರಿಯಾದವರು ತಿಮ್ಮಯ್ಯ. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರೇ ಎಂಬುದನ್ನು ಗಮನಿಸಿ. ಸ್ವತಂತ್ರ ಭಾರತದ ಇಬ್ಬರು ಸೇನಾ ಮುಖ್ಯಸ್ಥರು ಒಂದೇ ಒಕ್ಕದಿಂದ!

ಇಲ್ಲಿ ಒಂದು ಕಷ್ಟದ ಪ್ರಶ್ನೆ ಎದುರಾಗುತ್ತದೆ. ಇದನ್ನು ದಾಟಿ ಹೋಗುವುದು ಸುಲಭ. ಆದರೆ ನೀವು ದಾಟಬಾರದು. ಇವರೆಲ್ಲ ಯಾರಿಗಾಗಿ ಹೋರಾಡಿದರು? 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರು. ದೇಶವೆಲ್ಲ ಬ್ರಿಟಿಷರ ವಿರುದ್ಧ ಎದ್ದು ನಿಂತಿದ್ದಾಗ ಅದೇ ಬ್ರಿಟಿಷ್ ದೊರೆಯ ಸಮವಸ್ತ್ರ ತೊಟ್ಟ ಭಾರತೀಯ ಅಧಿಕಾರಿಯ ಮನಸ್ಸು ಹೇಗಿದ್ದಿರಬೇಕು? ಕ್ಲಬ್ಬುಗಳಲ್ಲಿ ಅವನಿಗೆ ಪ್ರವೇಶವಿಲ್ಲ. ಬಜಾರಿನಲ್ಲಿ ತನ್ನವರೇ ಅವನನ್ನು ಬಾಡಿಗೆಯ ಸಿಪಾಯಿ ಎನ್ನುತ್ತಾರೆ. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರಿಗೆ ನೆಹರೂ ಮನೆತನದ ಪರಿಚಯವಾಯಿತು. ರಾಜೀನಾಮೆ ಕೊಡಲೇ ಎಂದು ಅವರು ಮೋತಿಲಾಲ್ ನೆಹರೂ ಅವರನ್ನು ಕೇಳಿದರು. ಬೇಡ, ಸ್ವರಾಜ್ಯ ಬಂದ ದಿನ ನಮಗೆ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ ಎಂಬರ್ಥದ ಸಲಹೆ ಅವರಿಂದ ಬಂತು. ತಿಮ್ಮಯ್ಯ ಸೇನೆಯಲ್ಲೇ ಉಳಿದರು.

ಈ ಪ್ರಶ್ನೆ ಸನ್ನಿ ಸೈಡಿನ ಹೊಸ್ತಿಲೊಳಗೇ ಬಂದು ನಿಂತದ್ದು 1942ರಲ್ಲಿ. ಆ ಮನೆಯ ಮೂವರು ಗಂಡುಮಕ್ಕಳೂ ಸೇನೆಯ ಅಧಿಕಾರಿಗಳು. ಹಿರಿಯರಾದ ಪೊನ್ನಪ್ಪ ಸಿಂಗಪುರದಲ್ಲಿದ್ದರು. ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈವಶವಾಯಿತು. ಎರಡು ದಿನಗಳ ತರುವಾಯ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಬ್ರಿಟಿಷರು ಸುಮಾರು 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಿ ಹೊರಟುಹೋದರು. ಹಾಗೆ ಸೆರೆಯಾದವರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜ್ ಸೇರಿದರು. ಪೊನ್ನಪ್ಪನವರೂ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಅದೇ ಜಪಾನೀಯರ ವಿರುದ್ಧ ಅರಕಾನಿನ ಕಾಡು ಗುಡ್ಡಗಳಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್ನನ್ನು ನಡೆಸುತ್ತಿದ್ದರು.

1945ರ ಆರಂಭದಲ್ಲಿ ಕಾಂಗಾವ್ ಎಂಬಲ್ಲಿ ನಡೆದ ಕದನ ನೆನಪಿಡತಕ್ಕದ್ದು. ಅಲ್ಲಿ ಹೋರಾಡಿದ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರು - ತಿಮ್ಮಯ್ಯ, ಥೋರಾತ್, ಸೇನ್. ಭಾರತೀಯ ಅಧಿಕಾರಿ ಬೆಟಾಲಿಯನ್ ನಡೆಸಬಲ್ಲನೇ ಎಂದು ಅನುಮಾನಿಸಿದವರಿಗೆ ಉತ್ತರ ಸಿಕ್ಕಿತು; ಮೂವರಿಗೂ ಡಿ.ಎಸ್.ಓ. ಪದಕ ಬಂತು. ಅದಾದ ಮೇಲೆ ತಿಮ್ಮಯ್ಯ ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರಾದರು. ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದ ಸಮಾರಂಭದಲ್ಲಿ ಭಾರತದ ಪ್ರತಿನಿಧಿಯಾಗಿ ಕುಳಿತವರು ಅವರೇ. ಅಣ್ಣ ಸೆರೆಯಾದ ಊರಿನಲ್ಲಿ ತಮ್ಮ ಗೆದ್ದವರ ಸಾಲಿನಲ್ಲಿ. ಆ ತಾಯಿಯ ಮಟ್ಟಿಗೆ ಇಬ್ಬರಲ್ಲಿ ಯಾರು ದೇಶಭಕ್ತ? ಪಠ್ಯಪುಸ್ತಕಗಳು ಈ ಇಬ್ಬರನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಮನೆಯಲ್ಲಿ ಹಾಗೆ ಇಡಲಾಗುವುದಿಲ್ಲ. ಒಂದೇ ಊಟದ ಕೋಣೆ.

1942ರಲ್ಲೇ ಕೊಡಗಿನ ಹೆಸರಿನಲ್ಲಿ ಒಂದು ಬೆಟಾಲಿಯನ್ ಕಟ್ಟಲಾಯಿತು. 1946ರಲ್ಲಿ ಅದು ಫಿರಂಗಿ ಪಡೆಗೆ ಸೇರಿ 37ನೆಯ ಕೂರ್ಗ್ ಟ್ಯಾಂಕ್ ವಿರೋಧಿ ರೆಜಿಮೆಂಟ್ ಆಯಿತು. ಆದರೆ ಆ ಯುದ್ಧದಲ್ಲಿ ಕೊಡಗಿನ ಹುಡುಗರು ಇದ್ದದ್ದು ಒಂದೇ ಪಡೆಯಲ್ಲಲ್ಲ. ನಾನಾ ರೆಜಿಮೆಂಟುಗಳಲ್ಲಿ ಚೆದುರಿ ಹೋಗಿದ್ದರು. ಸತ್ತವರೂ ಹಾಗೆಯೇ ಚೆದುರಿ ಹೋದರು. ಹಿಂದೂ ಸೈನಿಕರನ್ನು ಸುಡುವ ರೂಢಿಯಿದ್ದುದರಿಂದ ಬಹಳಷ್ಟು ಮಂದಿಗೆ ಗೋರಿ ಇಲ್ಲ. ರಂಗೂನಿನ ಹೊರಗಿನ ತೌಕ್ಯಾನ್ ಸ್ಮಾರಕದ ಕಂಬಗಳ ಮೇಲೆ, ಗೋರಿ ಗೊತ್ತಿಲ್ಲದ ಸುಮಾರು 27 ಸಾವಿರ ಸೈನಿಕರ ಹೆಸರುಗಳಿವೆ. ಅದರಲ್ಲಿ ದೊಡ್ಡ ಪಾಲು ಭಾರತೀಯರದು. ಇಲ್ಲಿಂದ ಅಲ್ಲಿಗೆ ಹೋಗಿ ಹೂವಿಟ್ಟು ಬರುವ ಶಕ್ತಿ ಎಷ್ಟು ಮನೆಗಳಿಗೆ ಇದ್ದೀತು? ಊರಲ್ಲೊಂದು ಸ್ಮಾರಕ ಬೇಕಾಗುವುದು ಇದಕ್ಕೇ.

ಈಗ ಜೋಜಿ ಲಾ ಕಣಿವೆಯ ವಿಷಯ. ಸಂಗ್ರಹಾಲಯದಲ್ಲಿ ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1948ರಲ್ಲಿ ಕಾಶ್ಮೀರದ ಯುದ್ಧ ನಡೆದಿತ್ತು. ಪಶ್ಚಿಮದ ಸೇನೆಯ ಹೊಣೆ ಹೊತ್ತಿದ್ದವರು ಕಾರ್ಯಪ್ಪ. ಕಾಶ್ಮೀರ ಕಣಿವೆಯ ಡಿವಿಜನ್ನಿಗೆ ಅವರು ಆರಿಸಿಕೊಂಡದ್ದು ತಿಮ್ಮಯ್ಯನವರನ್ನು. ಎದುರಾಳಿಗಳು ಜೋಜಿ ಲಾ, ದ್ರಾಸ್, ಕಾರ್ಗಿಲ್ ಹಿಡಿದು ಲೇಹ್ ಪಟ್ಟಣಕ್ಕೆ ಹೋಗುವ ದಾರಿಯನ್ನೇ ಮುಚ್ಚಿದ್ದರು. ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಹಿಮಾಲಯದ ಮೇಲೆ ಡಕೋಟಾ ವಿಮಾನ ಹಾರಿಸಿ, ಸಿಂಧೂ ತೀರದ ಮರಳಿನಲ್ಲಿ ಸಿದ್ಧಪಡಿಸಿದ ಪಟ್ಟಿಯ ಮೇಲೆ ಇಳಿಸಿದರು. ಪಕ್ಕದಲ್ಲಿ ಕುಳಿತಿದ್ದವರು ತಿಮ್ಮಯ್ಯ. ಲೇಹ್ ಬದುಕಿಕೊಂಡಿತು, ಆದರೆ ದಾರಿ ತೆರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿಗಳು ವಿಫಲವಾದವು. ಬಂಡೆಗಳಲ್ಲಿ ಕೊರೆದ ಅಡಗುತಾಣಗಳಿಂದ ಬರುವ ಮೆಷಿನ್‌ಗನ್ ಗುಂಡಿಗೆ ಬಯಲಲ್ಲಿ ನಡೆಯುವ ಮನುಷ್ಯ ಏನು ಮಾಡಿಯಾನು?

ಆಗ ಟ್ಯಾಂಕು ತರುವ ಯೋಚನೆ ಬಂತು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರ, ಇರುವುದು ಹೇಸರಗತ್ತೆಯ ಜಾಡು, ಚಳಿಗಾಲ ಬಾಗಿಲಲ್ಲಿ. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಕಳಚಿ, ಬೇರೇನೋ ವಾಹನಗಳೆಂಬಂತೆ ಮರೆಮಾಚಿ ಜಮ್ಮುವಿನ ಕಡೆಯಿಂದ ಬನಿಹಾಲ್ ದಾಟಿಸಿ ತಂದರು. ಸೇತುವೆಗಳು ಆ ಭಾರಕ್ಕೆ ಕಟ್ಟಿದವಲ್ಲ. ಬಾಲ್ತಾಲಿನಿಂದ ಮೇಲಕ್ಕೆ ಟ್ಯಾಂಕು ಹತ್ತುವ ರಸ್ತೆ ಮಾಡಿದವರು ಯಾರು ಗೊತ್ತೇ? ನಮ್ಮ ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್. ಮೇಜರ್ ತಂಗರಾಜು ಅವರ ಕೈಕೆಳಗೆ ಗುಂಡಿನ ಮಳೆಯ ನಡುವೆಯೇ ಅವರು ಬಂಡೆ ಒಡೆದು ಜಾಡನ್ನು ಅಗಲ ಮಾಡಿದರು. ಹಿಮಪಾತದಿಂದ ದಿನ ಮುಂದೆ ಹೋಗುತ್ತ, ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಡಿವಿಜನ್ನಿನ ಮೇಜರ್ ಜನರಲ್ ಹಿಂದೆ ಡೇರೆಯಲ್ಲಿ ಕೂರಲಿಲ್ಲ. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಇಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಅಂದೇ ಕಣಿವೆ ಕೈಸೇರಿತು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಹಿಂದಿರುಗಿ ಬಂದವು. 1999ರಲ್ಲಿ ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಇದೇ ಹೆಸರುಗಳು. (ಅಂಗಳದಲ್ಲಿ ನಿಂತಿರುವ ಟಿ-55 ಆ ದಿನದ್ದೆಂದು ಭಾವಿಸಬೇಡಿ. ಸ್ಟುವರ್ಟ್ ಅದಕ್ಕಿಂತ ಬಹಳ ಚಿಕ್ಕದು, ತೂಕ ಸುಮಾರು 15 ಟನ್. ಟಿ-55 ನಂತರದ ಕಾಲದ್ದು. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಬಗೆ.)

ಗೆಲುವಿನ ಈ ಕಥೆಯ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿ: ಇದೇ ಕಾಶ್ಮೀರದ ಯುದ್ಧದಲ್ಲಿ ತಿಮ್ಮಯ್ಯನವರ ತಮ್ಮ ಸೋಮಯ್ಯ ನೆಲಬಾಂಬು ಸಿಡಿದು ತೀರಿಕೊಂಡರು. ಸನ್ನಿ ಸೈಡಿನ ಮೂವರಲ್ಲಿ ಒಬ್ಬರು ಹಿಂದಿರುಗಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಏಕೆಂದರೆ ಇವು ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತವೆ. 1949ರ ಜನವರಿ 15ರಂದು ಕಾರ್ಯಪ್ಪ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ. 1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹಣೆಬರಹ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಎರಡೂ ಕಡೆಯವರಿಂದ ಬೈಗುಳ ತಿಂದು, ಎರಡೂ ಕಡೆಯವರ ಗೌರವ ಗಳಿಸಿದ ಕೆಲಸ ಅದು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಮಾತಿಗೆ ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 1962ರ ಸೋಲಿನ ಬಳಿಕ ಅದು ಇನ್ನಷ್ಟು ಕಹಿಯಾಯಿತು. 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವ. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಮರಣ. ಆ ದ್ವೀಪರಾಷ್ಟ್ರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಅದೇ 1965ರ ಸೆಪ್ಟೆಂಬರ್ 7. ಕೊಡಗಿನ ಇನ್ನೊಬ್ಬರ ಕಥೆ ಇಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಈ ನಾಡಿನ ಯುದ್ಧಸ್ಮರಣೆಯಲ್ಲಿ ಅತ್ಯಂತ ಕಾಡುವ ಕಥೆ ಇದೇ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯನವರ ಹೆಸರು ಕಾಯ್ದಿರಿಸಿದವರ ಪಟ್ಟಿಯಲ್ಲಿತ್ತು. ಒಂದು ವಿಮಾನ ಹಿಂದುಳಿದಾಗ ಅವರು ಹೊರಟರು. ಮರಳುವ ದಾರಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಎದುರಾಯಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಶಬ್ದದ ವೇಗವನ್ನೂ ಮುಟ್ಟದ್ದು. ಇಂಧನ ಬೇರೆ ಕಡಮೆ. ಪೆಟ್ಟು ತಿಂದ ಮೇಲೂ ದೇವಯ್ಯ ವಿಮಾನವನ್ನು ತಿರುಗಿಸಿ ಕಾದಿದರು.

ಇದಾವುದೂ ಅಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಒಂದೇ: ದೇವಯ್ಯ ಹಿಂದಿರುಗಿಲ್ಲ. ಜೊತೆಯಲ್ಲಿದ್ದವರು ಯಾರೂ ಅವರ ಕಾದಾಟವನ್ನು ಕಾಣಲಿಲ್ಲ. ವರ್ಷ ಕಳೆದರೂ ದೇಹ ಬರಲಿಲ್ಲ. ಸಾವಿಗೆ ಎರಡು ಗುಂಡು ಹಾರಿಸುವ ನಾಡಿನಲ್ಲಿ, ಸಾವು ಖಚಿತವೇ ಆಗದ ಮನೆ ಆ ಗುಂಡನ್ನು ಯಾವ ದಿನ ಹಾರಿಸಬೇಕು?

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದ ವಾಯುಕದನಗಳ ಬಗ್ಗೆ, ಪಾಕಿಸ್ತಾನದ ಕಡೆಯ ದಾಖಲೆಗಳನ್ನು ನೋಡಿ ಒಂದು ಪುಸ್ತಕ ಬರೆದರು. ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ವಿಮಾನ ಹೊಡೆದುರುಳಿಸಿತು, ಅದರ ಚಾಲಕ ಹೊರಹಾರಿ ಬದುಕಿಕೊಂಡ ಎಂಬ ವಿವರ ಅದರಲ್ಲಿತ್ತು. ಆ ಮಿಸ್ಟೇರ್ ಯಾರದು? ಹಿಂದಿರುಗಿ ಬಂದವರಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆನೆಂದು ಹೇಳಿರಲಿಲ್ಲ. ಹಾಗಾದರೆ ಬಾರದೆ ಉಳಿದವರದೇ ಆಗಿರಬೇಕು. ದಾಳಿಯ ನಾಯಕತ್ವ ವಹಿಸಿದ್ದ ತನೇಜಾ ಅವರು ಈ ವಿಷಯವನ್ನು ಬಿಡದೆ ಸರ್ಕಾರದ ಮುಂದಿಟ್ಟರು. 1988ರಲ್ಲಿ, ಅಂದರೆ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಪ್ರಕಟವಾಯಿತು. ಪತ್ನಿ ಅದನ್ನು ಸ್ವೀಕರಿಸಿದರು. ಶತ್ರುಪಕ್ಷದ ಪರವಾಗಿ ಬರೆದ ಪುಸ್ತಕವೇ ನಮ್ಮ ವೀರನಿಗೆ ಸಾಕ್ಷಿಯಾದದ್ದು ಇತಿಹಾಸದ ವಿದ್ಯಾರ್ಥಿಗಳಾದ ನೀವು ಯೋಚಿಸಬೇಕಾದ ವಿಷಯ. ಒಂದು ಕಡೆಯ ಕಾಗದಗಳನ್ನು ಮಾತ್ರ ಓದಿದ್ದರೆ ದೇವಯ್ಯ ಇಂದಿಗೂ 'ಕಾಣೆಯಾದವರು' ಆಗಿಯೇ ಇರುತ್ತಿದ್ದರು.

ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗನ ವಿಮಾನವೂ ಬಿದ್ದು, ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ವಿಶೇಷ ಸೌಲಭ್ಯದ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಭಾರತೀಯರೂ ತನ್ನ ಮಕ್ಕಳೇ ಎಂದು ಕಾರ್ಯಪ್ಪ ಒಪ್ಪಲಿಲ್ಲವೆಂಬುದು ಪ್ರಸಿದ್ಧ. ಅವರ ಮಗ 1966ರಲ್ಲಿ ಮನೆಗೆ ಬಂದರು.

ಸನ್ನಿ ಸೈಡ್ ಒಬ್ಬ ಜನರಲ್‌ರ ಹೆಸರಿನ ಸಂಗ್ರಹಾಲಯ. ಜನರಲ್‌ಗಳಿಗೆ ಚಿತ್ರಗಳಿರುತ್ತವೆ, ಪತ್ರಗಳಿರುತ್ತವೆ, ಪದಕಗಳಿರುತ್ತವೆ. ಸಿಪಾಯಿಗೆ ಇರುವುದು ಬಹುಪಾಲು ಒಂದು ತಗಡಿನ ಪೆಟ್ಟಿಗೆ, ಒಂದು ಪಿಂಚಣಿ ಪುಸ್ತಕ. ಕೊಡಗಿನಿಂದ ಸೇನೆಗೆ ಹೋದವರು ಕೊಡವರು ಮಾತ್ರವೂ ಅಲ್ಲ. ಅರೆಭಾಷೆ ಗೌಡರು ಮೊದಲಾಗಿ ಬೇರೆ ಸಮುದಾಯದವರೂ ಇದ್ದಾರೆ. ಹಾಗಾಗಿ ಒಳಗಿನ ಕೋಣೆಗಳಷ್ಟೇ ಹೊರಗಿನ ಸ್ಮಾರಕವೂ ಮುಖ್ಯ. ಅದು ಹುದ್ದೆ ಕೇಳುವುದಿಲ್ಲ. ಅಲ್ಲಿಂದ ಹೊರಟು ಪೇಟೆಯಲ್ಲಿ ನಡೆದರೆ ವೃತ್ತಗಳಲ್ಲಿ ಸೈನಿಕರ ಪ್ರತಿಮೆಗಳು ಕಾಣುತ್ತವೆ. ದೇವಯ್ಯನವರ ಹೆಸರಿನ ವೃತ್ತವೂ ಅವುಗಳಲ್ಲಿ ಒಂದು.

ಮಡಿಕೇರಿಗೆ ಹೋಗಲಾಗದ ಬೆಂಗಳೂರಿನ ವಿದ್ಯಾರ್ಥಿಗಳು ಜೆ.ಸಿ. ನಗರದ ಕಡೆಗೆ ಒಂದು ಸಂಜೆ ಹೋಗಿಬನ್ನಿ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸ್ಮಾರಕಸ್ತಂಭ ಅಲ್ಲಿದೆ. ಸುತ್ತ ವಾಹನಗಳ ಗದ್ದಲ ಬಹಳ. ಅಲ್ಲಿ ಕೆತ್ತಿರುವುದನ್ನು ಹತ್ತಿರ ನಿಂತೇ ಓದಬೇಕು.